ಇನ್ನೈದು ನಿಮಿಷ: ಕ್ಯಾವನ್ ಜಿಲ್ಲೆಯ ಕಾಲ್ಚೆಂಡಿನ ಕಥೆ

ಕಣ್ಣಾರೆ ಕಂಡವರಿಗಿಂತ ಕಿವಿಯಾರೆ ಕೇಳಿದವರೇ ಹೆಚ್ಚಾಗಿದ್ದ ಒಂದು ಆಟದ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಆಟ ನಡೆದದ್ದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಆಡಿದವರು ಅಟ್ಲಾಂಟಿಕ್ ಸಾಗರದ ಈಚೆ ದಡದ ಐರ್ಲೆಂಡಿನ ಎರಡು ಜಿಲ್ಲೆಗಳವರು. ಗೆದ್ದ ಜಿಲ್ಲೆಯ ಜನ ತಮ್ಮ ಹಳ್ಳಿಗಳಲ್ಲಿ, ರೇಡಿಯೋ ಇದ್ದ ಮನೆಗಳ ಬಾಗಿಲಲ್ಲಿಯೂ ಕಿಟಕಿಯ ಹೊರಗೂ ನಿಂತು, ರಾತ್ರಿಯ ಹೊತ್ತಿನಲ್ಲಿ ಆ ಆಟವನ್ನು ಕೇಳಿದರು. ಬಾನುಲಿಯ ಮುಂದೆ ಕುಳಿತಿರುವ ನಿಮಗೆ ಬಾನುಲಿಯ ಕಥೆಯೊಂದನ್ನು ಹೇಳುವುದು ಉಚಿತವೆಂದು ತೋರಿತು. ಅದಕ್ಕೆ ಮೊದಲು ಆ ಜಿಲ್ಲೆ ಯಾವುದು, ಆ ಆಟ ಎಂಥದು ಎಂಬುದನ್ನು ಸ್ವಲ್ಪ ತಿಳಿಯಬೇಕು.

ಜಿಲ್ಲೆಯ ಹೆಸರು ಕ್ಯಾವನ್. ಐರ್ಲೆಂಡಿನ ಸ್ವಂತ ಭಾಷೆಯಾದ ಐರಿಷ್‌ನಲ್ಲಿ ಈ ಶಬ್ದಕ್ಕೆ ತಗ್ಗು, ಹಳ್ಳ ಎಂದು ಅರ್ಥ. ಹೆಸರಿಗೆ ತಕ್ಕ ನೆಲ. ಎಲ್ಲಿ ನೋಡಿದರೂ ಮೊಟ್ಟೆ ಬೋರಲು ಹಾಕಿದಂಥ ಸಣ್ಣ ಸಣ್ಣ ದಿಣ್ಣೆಗಳು, ದಿಣ್ಣೆಗಳ ನಡುವೆ ತಗ್ಗು, ತಗ್ಗಿನಲ್ಲಿ ನೀರು. ವರ್ಷದ ದಿನಕ್ಕೊಂದರಂತೆ ಇಲ್ಲಿ ಮುನ್ನೂರ ಅರುವತ್ತೈದು ಕೆರೆಗಳಿವೆಯೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಈ ದಿಣ್ಣೆಗಳನ್ನು ಡ್ರಮ್ಲಿನ್ ಎನ್ನುತ್ತಾರೆ. ಹಿಂದಿನ ಹಿಮಯುಗದಲ್ಲಿ ಹಿಮದ ಹಾಸು ಜರುಗುವಾಗ ಮಣ್ಣನ್ನು ಗುಡ್ಡೆಗೂಡಿಸಿ ಬಿಟ್ಟುಹೋದದ್ದು. ಜಗತ್ತಿನ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲೆಲ್ಲ ಈಗ ಬಳಕೆಯಲ್ಲಿರುವ ಈ ಪಾರಿಭಾಷಿಕ ಶಬ್ದ, ಮೂಲದಲ್ಲಿ ಐರಿಷ್ ರೈತನ ಬಾಯಿಯ ಮಾತು: 'ಪುಟ್ಟ ಬೆನ್ನು' ಎಂದು ಅದರ ಅರ್ಥ. ಹಳ್ಳಿಗನ ಮಾತು ಶಾಸ್ತ್ರದ ಮಾತಾಗಿ ಸಿಂಹಾಸನವೇರುವುದು ಭಾಷೆಯ ಮೇಷ್ಟರಿಗೆ ಯಾವಾಗಲೂ ಸಂತೋಷದ ವಿಷಯ, ಅದಕ್ಕೇ ಹೇಳಿದೆ.

ಹೀಗೆ ನೋಡಲು ಚೆಲುವಾದ ನೆಲ, ಉಳಲು ಮಾತ್ರ ಕಷ್ಟದ ನೆಲ. ಮಣ್ಣು ಭಾರ, ಹಿಡುವಳಿಗಳು ಚಿಕ್ಕವು. 1841ರಲ್ಲಿ ಈ ಜಿಲ್ಲೆಯ ಜನಸಂಖ್ಯೆ ಎರಡು ಲಕ್ಷ ನಲವತ್ತು ಸಾವಿರವನ್ನು ಮೀರಿದ್ದಿತು. ಆಮೇಲೆ 1845ರಿಂದ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಬಂದಿತು. ಸತ್ತವರು ಸತ್ತರು, ಉಳಿದವರಲ್ಲಿ ಅನೇಕರು ಹಡಗು ಹತ್ತಿದರು. ಹಡಗು ಹತ್ತುವ ಆ ಅಭ್ಯಾಸ ಕ್ಷಾಮದೊಂದಿಗೆ ನಿಲ್ಲಲಿಲ್ಲ. 1946ರಲ್ಲಿ ಕ್ಯಾವನ್ನಿನ ಜನಸಂಖ್ಯೆ ಸುಮಾರು ಎಪ್ಪತ್ತು ಸಾವಿರ. 1971ರಲ್ಲಿ ಐವತ್ತಮೂರು ಸಾವಿರಕ್ಕೂ ಕಡಿಮೆ. ಈ ಅಂಕಿಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಆಟದ ಕಥೆಗೆ ಇವು ಬೇಕಾಗುತ್ತವೆ.

ಇನ್ನು ಆಟ. ಅದಕ್ಕೆ ಗೇಲಿಕ್ ಕಾಲ್ಚೆಂಡು ಎಂದು ಹೆಸರು. ಕಾಲ್ಚೆಂಡು ಎಂದು ಹೆಸರೇ ಹೊರತು ಇದರಲ್ಲಿ ಕೈಗೂ ಕಾಲಿನಷ್ಟೇ ಕೆಲಸ. ಚೆಂಡನ್ನು ಹಾರಿ ಹಿಡಿಯಬಹುದು, ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ಕೊಡಬಹುದು, ನೆಲಕ್ಕೆ ಪುಟಿಸಬಹುದು, ಓಡುತ್ತ ಓಡುತ್ತ ಪಾದದಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬಹುದು. ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಹೋಗುವಂತಿಲ್ಲ. ಎರಡು ಕಡೆಗೂ ಹದಿನೈದು ಹದಿನೈದು ಜನ. ಗುರಿಕಂಬಗಳು ಎರಡು, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಕೆಳಗೆ ಬಲೆಯೊಳಗೆ ಚೆಂಡು ಹೋದರೆ ಗೋಲು, ಅದಕ್ಕೆ ಮೂರು ಅಂಕ. ಪಟ್ಟಿಯ ಮೇಲಿನಿಂದ ಹೋದರೆ ಪಾಯಿಂಟು, ಅದಕ್ಕೆ ಒಂದು ಅಂಕ. ಎಣಿಕೆಯನ್ನು ಹೇಳುವಾಗ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತಾರೆ. 2-11 ಎಂದರೆ ಎರಡು ಗೋಲು, ಹನ್ನೊಂದು ಪಾಯಿಂಟು, ಒಟ್ಟು ಹದಿನೇಳು. ಇತ್ತೀಚೆಗೆ, 2025ರಿಂದ, ಬಹು ದೂರದಿಂದ ಮೇಲೆ ಹಾಯಿಸಿದ ಚೆಂಡಿಗೆ ಎರಡು ಅಂಕ ಕೊಡುವ ನಿಯಮವೂ ಬಂದಿದೆ. ನಮ್ಮ ಕಥೆಗೆ ಅದು ಬೇಕಿಲ್ಲ.

ಈ ಆಟಕ್ಕೆ ಒಂದು ಕಟ್ಟುಪಾಡು ತಂದು ನಿಲ್ಲಿಸಿದ್ದು 1884ರ ನವೆಂಬರ್ 1ರಂದು ಟಿಪ್ಪರೇರಿ ಜಿಲ್ಲೆಯ ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಸೇರಿದ ಸಭೆಯಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾಸಂಘ. ಇದಕ್ಕೆ ಮುಖ್ಯ ಕಾರಣನಾದವನು ಮೈಕೆಲ್ ಕ್ಯೂಸಾಕ್. ಆತನ ಕಸುಬು ಪಾಠ ಹೇಳುವುದು. ದೇಶ ಆಗ ಇಂಗ್ಲಿಷರ ಕೈಯಲ್ಲಿದ್ದಿತು. ಭಾಷೆ ಹೋಗುತ್ತಿದ್ದಿತು, ಊರಾಟಗಳೂ ಹೋಗುತ್ತಿದ್ದುವು. ಆಟವನ್ನಾದರೂ ಉಳಿಸಿಕೊಳ್ಳೋಣ ಎಂದು ಹೊರಟವರು ಅವರು. 1887ರಿಂದ ಜಿಲ್ಲೆ ಜಿಲ್ಲೆಗಳ ನಡುವೆ ಅಖಿಲ ಐರ್ಲೆಂಡ್ ಪಂದ್ಯ ನಡೆಯುತ್ತ ಬಂದಿದೆ. ದೇಶದ ನಾಲ್ಕು ಪ್ರಾಂತ್ಯಗಳಲ್ಲಿ ಮೊದಲು ಗೆಲ್ಲಬೇಕು, ಆಮೇಲೆ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನಕ್ಕೆ ಹೋಗಬೇಕು. ಇದು ಬಹುಕಾಲ ನಡೆದು ಬಂದ ಕ್ರಮ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಆಟಗಾರರಿಗೆ ಸಂಬಳವಿಲ್ಲ. ಸೋಮವಾರ ಬೆಳಗಾದರೆ ಒಬ್ಬ ಹೊಲಕ್ಕೆ, ಒಬ್ಬ ಶಾಲೆಗೆ, ಒಬ್ಬ ಪೊಲೀಸ್ ಠಾಣೆಗೆ. ಇನ್ನೊಂದು: ಹಣ ಕೊಟ್ಟು ಬೇರೆ ಜಿಲ್ಲೆಯಿಂದ ಆಟಗಾರನನ್ನು ಕೊಂಡು ತರುವಂತಿಲ್ಲ. ನೀನು ಯಾವ ಊರಿನವನೋ ಆ ಊರಿಗೆ ಆಡಬೇಕು. ಊರಿನಲ್ಲಿ ಜನ ಕಡಿಮೆಯಾದರೆ ತಂಡ ಬಡವಾಗುತ್ತದೆ. ಇದಕ್ಕೆ ಬೇರೆ ಪರಿಹಾರವಿಲ್ಲ.

ಕ್ಯಾವನ್ ಇರುವುದು ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ. ಆ ಪ್ರಾಂತ್ಯದಲ್ಲಿ ಒಂಬತ್ತು ಜಿಲ್ಲೆಗಳು. ದೇಶ ವಿಭಜನೆಯಾದಾಗ ಆರು ಜಿಲ್ಲೆಗಳು ಬ್ರಿಟನ್ನಿಗೆ ಸೇರಿದವು. ಕ್ಯಾವನ್, ಮಾನಹನ್, ಡೊನೆಗಾಲ್ ಈ ಮೂರು ಮಾತ್ರ ಹೊಸ ಐರಿಷ್ ರಾಜ್ಯದಲ್ಲಿ ಉಳಿದವು. ಕ್ಯಾವನ್ನಿನ ಉತ್ತರದ ಅಂಚಿನಲ್ಲಿಯೇ ಗಡಿ ಬಂದು ಕೂತಿತು. ಆದರೆ ಕ್ರೀಡಾಸಂಘ ಆ ಗೆರೆಯನ್ನು ಒಪ್ಪಿಕೊಳ್ಳಲಿಲ್ಲ. ಅವರ ಲೆಕ್ಕದಲ್ಲಿ ಐರ್ಲೆಂಡಿಗೆ ಮೂವತ್ತೆರಡು ಜಿಲ್ಲೆ, ಅಲ್ಸ್ಟರಿಗೆ ಒಂಬತ್ತು ಜಿಲ್ಲೆ, ಮೊದಲಿದ್ದ ಹಾಗೆಯೇ. ಗಡಿ ಠಾಣೆಯಲ್ಲಿ ಸಾಮಾನು ಬಿಚ್ಚಿ ತೋರಿಸಿ, ಆಚೆ ಹೋಗಿ ಆಡಿ, ಮತ್ತೆ ಬಿಚ್ಚಿ ತೋರಿಸಿ ಈಚೆ ಬರುವುದು.

ಅಲ್ಸ್ಟರ್ ಪ್ರಾಂತ್ಯದಲ್ಲಿ ಮೊಟ್ಟಮೊದಲ ಗೇಲಿಕ್ ಸಂಘ ಕಟ್ಟಿದ್ದೂ ಕ್ಯಾವನ್ ಜಿಲ್ಲೆಯ ಬ್ಯಾಲಿಕಾನೆಲ್ ಎಂಬ ಊರಿನವರೇ, 1885ರಲ್ಲಿ. 1923ರಲ್ಲಿ ಕ್ಯಾವನ್ ಪಟ್ಟಣದಲ್ಲಿ ಬ್ರೆಫ್ನಿ ಪಾರ್ಕ್ ಎಂಬ ಮೈದಾನ ತೆರೆಯಿತು. ಬ್ರೆಫ್ನಿ ಎಂಬುದು ಆ ಸೀಮೆಯ ಹಳೆಯ ರಾಜ್ಯದ ಹೆಸರು. ನೀಲಿ ಅಂಗಿ ತೊಟ್ಟ ಕ್ಯಾವನ್ ತಂಡವನ್ನು ಈಗಲೂ ಬ್ರೆಫ್ನಿಯವರು ಎಂದೇ ಕರೆಯುತ್ತಾರೆ. 1928ರಲ್ಲಿ ಅಖಿಲ ಐರ್ಲೆಂಡ್ ವಿಜೇತರಿಗೆ ಸ್ಯಾಮ್ ಮೆಗ್ವಾಯರ್ ಎಂಬಾತನ ಹೆಸರಿನಲ್ಲಿ ಬೆಳ್ಳಿಯ ಬಟ್ಟಲನ್ನು ಕೊಡಲು ಮೊದಲು ಮಾಡಿದರು. ಆ ವರ್ಷ ಅಂತಿಮ ಪಂದ್ಯದಲ್ಲಿ ಕಿಲ್ಡೇರ್ 2-6, ಕ್ಯಾವನ್ 2-5. ಒಂದೇ ಒಂದು ಅಂಕದಿಂದ ಮೊದಲ ಬಟ್ಟಲು ಕೈತಪ್ಪಿತು.

ಐದು ವರ್ಷ ಕಳೆದು 1933 ಬಂತು. ದಕ್ಷಿಣದ ಕೆರಿ ಜಿಲ್ಲೆಯವರು ಆಗ ಸಾಲಾಗಿ ನಾಲ್ಕು ವರ್ಷ ಗೆದ್ದು ಐದನೆಯದಕ್ಕೆ ಕೈ ಚಾಚಿದ್ದರು. ಈ ಕೆರಿಯವರ ಹೆಸರು ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ. ಆ ಆಟದಲ್ಲಿ ಅವರಷ್ಟು ಸಲ ಬಟ್ಟಲು ಗೆದ್ದವರು ಬೇರೆ ಇಲ್ಲ. ಅಂಥವರನ್ನು ಸೆಮಿಫೈನಲ್‌ನಲ್ಲಿ ಬ್ರೆಫ್ನಿ ಪಾರ್ಕಿನಲ್ಲಿಯೇ ಕ್ಯಾವನ್ ಸೋಲಿಸಿತು. ಮುಂದೆ ಗಾಲ್ವೇ ತಂಡವನ್ನು 2-5ಕ್ಕೆ 1-4ರಿಂದ ಸೋಲಿಸಿ, ಅಲ್ಸ್ಟರಿಗೆ ಮೊತ್ತಮೊದಲ ಸಲ ಬಟ್ಟಲನ್ನು ತಂದಿತು. ನಾಯಕ ಜಿಮ್ ಸ್ಮಿತ್. 1935ರಲ್ಲಿ ಹ್ಯೂ ಓ'ರೈಲಿಯ ನಾಯಕತ್ವದಲ್ಲಿ ಮತ್ತೊಂದು ಸಲ. ಪ್ರಾಂತ್ಯದೊಳಗಂತೂ ಕ್ಯಾವನ್ನಿಗೆ ಎದುರಿಲ್ಲ. 1931ರಿಂದ 1949ರವರೆಗಿನ ಹತ್ತೊಂಬತ್ತು ವರ್ಷಗಳಲ್ಲಿ ಹದಿನೇಳು ಸಲ ಅಲ್ಸ್ಟರ್ ಪ್ರಶಸ್ತಿ ಅದರದೇ. ನಡುವೆ 1938ರಲ್ಲಿ ಮಾನಹನ್, 1946ರಲ್ಲಿ ಆ್ಯಂಟ್ರಿಮ್, ಅಷ್ಟೇ.

ಈ ವೈಭವದ ನಡುವೆಯೂ ಒಂದು ಕಹಿ ಉಂಟು. 1937ರ ಅಂತಿಮ ಪಂದ್ಯ, ಎದುರಾಳಿ ಕೆರಿ. ಕೊನೆಯ ಗಳಿಗೆಯಲ್ಲಿ ಕ್ಯಾವನ್ನಿನ ಪ್ಯಾಕಿ ಬಾಯ್ಲನ್ ಗೆಲುವಿನ ಪಾಯಿಂಟು ಹಾಯಿಸಿದ. ಜನ ಕುಣಿದರು. ಆದರೆ ಚೆಂಡನ್ನು ಕೈಯಿಂದ ಎಸೆದನೆಂದು ಪಂಚಾಯ್ತಿದಾರ ಅದನ್ನು ತಳ್ಳಿಹಾಕಿದ್ದ. ಗದ್ದಲದಲ್ಲಿ ಅದು ಅನೇಕರಿಗೆ ತಿಳಿಯಲೇ ಇಲ್ಲ. ಮೈದಾನ ಬಿಟ್ಟು ಹೋದವರೂ, ಮನೆಯಲ್ಲಿ ರೇಡಿಯೋ ಕೇಳುತ್ತಿದ್ದವರೂ ಕ್ಯಾವನ್ ಗೆದ್ದಿತೆಂದೇ ನಂಬಿದರು. ಆಟ ಸರಿಸಮವಾಗಿತ್ತು. ಮರುಪಂದ್ಯದಲ್ಲಿ ಕೆರಿ ಗೆದ್ದಿತು. ಬಾನುಲಿಯ ಮಾತನ್ನು ನಂಬಿ ಹಬ್ಬ ಮಾಡಿದವರಿಗೆ ಮರುದಿನದ ಪತ್ರಿಕೆ ಬಂದಾಗ ಹೇಗಾಗಿರಬೇಡ! 1943ರಲ್ಲಿ ರಾಸ್‌ಕಾಮನ್ ಮುಂದೆ ಮರುಪಂದ್ಯದಲ್ಲಿ, 1945ರಲ್ಲಿ ಕಾರ್ಕ್ ಮುಂದೆ, ಹೀಗೆ ಸೋಲಿನ ಮೇಲೆ ಸೋಲು ಬಂದವು.

1943ರ ಸಂಬಂಧವಾಗಿ ಒಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಬಿಲ್ ಡೂನನ್ ಎಂಬ ಕ್ಯಾವನ್ನಿನ ಹುಡುಗ. ಊರೂರು ಸುತ್ತಿ ಬದುಕುವ ಟ್ರಾವೆಲರ್ ಜನರಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಸೇರಿ, ರೇಡಿಯೋ ನಡೆಸುವ ಕೆಲಸದಲ್ಲಿ ಇಟಲಿಗೆ ಹೋಗಿದ್ದ. ಆ ಶರತ್ಕಾಲದ ಒಂದು ಭಾನುವಾರ ಆಸಾಮಿ ಠಾಣೆಯಲ್ಲಿ ಇಲ್ಲ. ಹುಡುಕಿಕೊಂಡು ಹೋದವರಿಗೆ ಗುಡ್ಡದ ಮೇಲೊಂದು ಮರದಲ್ಲಿ ಸಿಕ್ಕನಂತೆ. ಯಂತ್ರವನ್ನು ಹೊತ್ತು ಮರ ಹತ್ತಿ, ಸುತ್ತ ಯುದ್ಧ ನಡೆಯುತ್ತಿರಲು, ಡಬ್ಲಿನ್ನಿನಿಂದ ಬರುತ್ತಿದ್ದ ಕ್ಯಾವನ್ ಪಂದ್ಯವನ್ನು ಕೇಳುತ್ತ ಕೂತಿದ್ದನಂತೆ! ಹೇಳುವವರ ಬಾಯಲ್ಲಿ ಈ ಕಥೆಗೆ ಸ್ವಲ್ಪ ಬಣ್ಣ ಸೇರಿರಲೂಬಹುದು. ಆದರೆ ಡೂನನ್ ಯುದ್ಧದಿಂದ ಜೀವಸಹಿತ ಬಂದದ್ದೂ, ನಾಲ್ಕು ವರ್ಷದ ಮೇಲೆ ಅದೇ ನೀಲಿ ಅಂಗಿ ತೊಟ್ಟು ನ್ಯೂಯಾರ್ಕಿನಲ್ಲಿ ಆಡಿದ್ದೂ ನಿಜ.

ಈಗ 1947ಕ್ಕೆ ಬರೋಣ. ಮಹಾಕ್ಷಾಮದ ಅತ್ಯಂತ ಕರಾಳ ವರ್ಷ 1847. ಅದು ಕಳೆದು ನೂರು ವರ್ಷ. ಆಗ ಹಡಗು ಹತ್ತಿ ಹೋದವರ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ ಲಕ್ಷೋಪಲಕ್ಷ ಇದ್ದರು. ಕ್ಲೇರ್ ಜಿಲ್ಲೆಯ ಪಾದ್ರಿ ಮೈಕೆಲ್ ಹ್ಯಾಮಿಲ್ಟನ್ ಎಂಬಾತ ಸಂಘದ ವಾರ್ಷಿಕ ಸಭೆಯಲ್ಲಿ ಒಂದು ಸಲಹೆ ಮುಂದಿಟ್ಟ: ಈ ವರ್ಷದ ಅಂತಿಮ ಪಂದ್ಯವನ್ನು ನ್ಯೂಯಾರ್ಕಿನಲ್ಲಿ ಆಡಿಸೋಣ. ದೇಶ ಬಿಟ್ಟು ಹೋದವರ ಹತ್ತಿರಕ್ಕೆ ದೇಶವೇ ಹೋಗಲಿ ಎಂಬುದು ಇದರ ಹೃದ್ಗತ. ವಿರೋಧಿಸಿದವರು ಬಹಳ ಮಂದಿ. ಖರ್ಚು ಯಾರದು, ನಮ್ಮ ಜನ ತಮ್ಮ ಫೈನಲನ್ನು ನೋಡುವುದು ಬೇಡವೆ, ಎಂದರು. ವಿರೋಧದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಕೊನೆಗೆ ಸಲಹೆ ಗೆದ್ದಿತು. ಆಟಗಾರರಲ್ಲಿ ಕೆಲವರು ಹಡಗಿನಲ್ಲಿಯೂ ಉಳಿದವರು ವಿಮಾನದಲ್ಲಿಯೂ ಹೊರಟರು. ಹಳ್ಳಿಯ ಹುಡುಗರು ಅದುವರೆಗೆ ವಿಮಾನವನ್ನು ಆಕಾಶದಲ್ಲಿ ಕಂಡಿದ್ದರೆ ಹೆಚ್ಚು.

ಸೆಪ್ಟೆಂಬರ್ 14, ಭಾನುವಾರ. ಮೈದಾನದ ಹೆಸರು ಪೋಲೋ ಗ್ರೌಂಡ್ಸ್. ಹೆಸರು ಪೋಲೋ, ಆಡುತ್ತಿದ್ದುದು ಬೇಸ್‌ಬಾಲ್. ಚೆಂಡೆಸೆಯುವವನು ನಿಲ್ಲುವ ಮಣ್ಣಿನ ದಿಬ್ಬವನ್ನು ತೆಗೆದಿರಲಿಲ್ಲ. ಅದು ಮೈದಾನದ ನಡುವೆಯೇ ಉಬ್ಬಿಕೊಂಡಿತ್ತು. ನೆಲ ಕಲ್ಲಿನಂತೆ ಗಟ್ಟಿ, ಬಿಸಿಲು ವಿಪರೀತ. ಮಳೆನೆಲದ ಹುಲ್ಲಿನಲ್ಲಿ ಆಡಿ ಬೆಳೆದವರಿಗೆ ಇದೆಂಥ ಶಿಕ್ಷೆ! ಪ್ರೇಕ್ಷಕರು ಸುಮಾರು ಮೂವತ್ತೈದು ಸಾವಿರ. ನಗರದ ಮೇಯರ್ ವಿಲಿಯಂ ಓ'ಡ್ವಾಯರ್ ತಾನೂ ಐರ್ಲೆಂಡಿನ ಮೇಯೋ ಜಿಲ್ಲೆಯಲ್ಲಿ ಹುಟ್ಟಿ ವಲಸೆ ಬಂದವನೇ. ಎದುರಾಳಿ, ನೀವು ಊಹಿಸಿದ ಹಾಗೆ, ಕೆರಿ.

ಆಟದ ಧ್ವನಿಯನ್ನು ಸಾಗರದಾಚೆಗೆ ಕಳುಹಿಸುವ ಕೆಲಸ ಮೀಹಾಲ್ ಓ'ಹೆಹಿರ್ ಎಂಬ ಇಪ್ಪತ್ತೇಳು ವರ್ಷದ ತರುಣನದು. ಐರ್ಲೆಂಡಿನ ಬಾನುಲಿ ಈ ವಿಷಯದಲ್ಲಿ ಹಳೆಯ ಕೈ. 1926ರ ಆಗಸ್ಟ್‌ನಲ್ಲಿಯೇ ಕ್ರೋಕ್ ಪಾರ್ಕಿನಿಂದ, ಕೋಲುಚೆಂಡಿನಂಥ ಹರ್ಲಿಂಗ್ ಆಟದ ಪ್ರತ್ಯಕ್ಷ ವರದಿಯನ್ನು ಬಿತ್ತರಿಸಿದ ಕೀರ್ತಿ ಅದರದು. ಓ'ಹೆಹಿರ್ 1938ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಈ ಕೆಲಸಕ್ಕೆ ಬಂದವನು. ಮಾತಿನ ವೇಗ, ಸ್ಪಷ್ಟತೆ, ಆಟಗಾರನ ಹೆಸರನ್ನು ತಟಕ್ಕನೆ ಹಿಡಿಯುವ ನೆನಪು, ಇವು ಅವನ ಬಂಡವಾಳ. ನೋಡುವವನಿಗೆ ಒಂದು ಕಣ್ಣು ಸಾಕು. ನೋಡಿ ಹೇಳುವವನಿಗೆ ಸಾವಿರ ಜನದ ಕಣ್ಣಾಗಬೇಕಾದ ಹೊಣೆ. ಐರ್ಲೆಂಡಿನ ಹಳ್ಳಿಗಾಡಿಗೆ ವಿದ್ಯುಚ್ಛಕ್ತಿ ಕೊಡುವ ಯೋಜನೆ ಹಿಂದಿನ ವರ್ಷವಷ್ಟೇ ಶುರುವಾಗಿದ್ದಿತು. ಕ್ಯಾವನ್ನಿನ ಮನೆಗಳಲ್ಲಿ ರೇಡಿಯೋ ಇದ್ದರೆ ಅದು ಬ್ಯಾಟರಿಯ ಮೇಲೆ ನಡೆಯುವಂಥದು. ಪಂದ್ಯದ ನಡುವೆ ಪ್ರಾಣಬಿಡದಿರಲಿ ಎಂದು ಮುಂಚಿತವಾಗಿಯೇ ಅದನ್ನು ಪೇಟೆಗೆ ಒಯ್ದು ಶಕ್ತಿ ತುಂಬಿಸಿಕೊಂಡು ಬರಬೇಕು. ಒಂದು ರೇಡಿಯೋಗೆ ಇಡೀ ಊರು.

ಮೊದಮೊದಲಲ್ಲಿಯೇ ಕೆರಿ ಎರಡು ಗೋಲು ಹೊಡೆದು ಬಹುದೂರ ಮುಂದೆ ಹೋಯಿತು. ಕ್ಯಾವನ್ನಿನ ಕೇಳುಗರ ಮುಖ ಹೇಗಿದ್ದಿರಬಹುದೆಂದು ಯೋಚಿಸಿ. ಆಮೇಲೆ ನಿಧಾನವಾಗಿ ಗಾಳಿ ತಿರುಗಿತು. ಜೋ ಸ್ಟಾಫರ್ಡ್ ಒಂದು ಗೋಲು, ಮಿಕ್ ಹಿಗ್ಗಿನ್ಸ್ ಒಂದು ಗೋಲು. ಈ ಹಿಗ್ಗಿನ್ಸ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿಯೇ! ಮಗುವಾಗಿದ್ದಾಗ ಊರಿಗೆ ಮರಳಿದ ಸಂಸಾರ ಅವನದು. ಹುಟ್ಟಿದ ಊರಿಗೆ ಇಪ್ಪತ್ತೈದರ ವಯಸ್ಸಿನಲ್ಲಿ ಬಂದು, ಬೆಳೆದ ಊರಿಗಾಗಿ ಗೋಲು ಹೊಡೆದ. ವಿರಾಮದ ವೇಳೆಗೆ ಕ್ಯಾವನ್ 2-5, ಕೆರಿ 2-4. ಉತ್ತರಾರ್ಧ ಪೀಟರ್ ಡೊನಹೋನದು. ಎದುರಾಳಿ ತಪ್ಪಿದಾಗ ಸಿಗುವ ನೇರ ಒದೆತಗಳನ್ನು ಒಂದಾದ ಮೇಲೊಂದು ಪಟ್ಟಿಯ ಮೇಲೆ ಹಾಯಿಸಿದ. ಆ ದಿನ ಅವನೊಬ್ಬನದೇ ಎಂಟು ಪಾಯಿಂಟು. ಅಮೆರಿಕದ ಪತ್ರಿಕೆಗಳವರು ಅವನನ್ನು ತಮ್ಮ ಬೇಸ್‌ಬಾಲ್ ವೀರ ಬೇಬ್ ರೂತ್‌ಗೆ ಹೋಲಿಸಿದರು. ಅವರಿಗೆ ತಿಳಿದ ಅತಿದೊಡ್ಡ ಉಪಮಾನ ಅದೇ.

ಅಷ್ಟರಲ್ಲಿ ಇನ್ನೊಂದು ಗಂಡಾಂತರ. ಸಾಗರದಾಚೆಗೆ ಧ್ವನಿ ಒಯ್ಯುವ ತಂತಿಮಾರ್ಗವನ್ನು ನ್ಯೂಯಾರ್ಕಿನ ಸಂಜೆ ಐದು ಗಂಟೆಯವರೆಗೆ ಮಾತ್ರ ಗೊತ್ತುಮಾಡಲಾಗಿತ್ತು. ಸ್ವಾಗತ, ವಾದ್ಯ, ಮೆರವಣಿಗೆ ಎಂದು ಆಟ ತಡವಾಗಿ ಶುರುವಾಗಿದ್ದಿತು. ಸಮಾರಂಭಗಳಲ್ಲಿ ಇದು ಎಲ್ಲ ದೇಶದ ರೋಗವೆಂದು ಕಾಣುತ್ತದೆ. ಗಡಿಯಾರ ಐದರ ಹತ್ತಿರ ಬರುತ್ತಿದೆ, ಆಟ ಮುಗಿದಿಲ್ಲ, ಫಲಿತಾಂಶ ಇನ್ನೂ ತೂಗುಯ್ಯಾಲೆ. ಐದಾದೊಡನೆ ಯಾರೋ ಒಬ್ಬ ಯಂತ್ರದ ಗುಂಡಿ ಒತ್ತಿದರೆ ಐರ್ಲೆಂಡಿನಲ್ಲಿ ಕತ್ತಲೆ. ಓ'ಹೆಹಿರ್ ಆಟದ ವರ್ಣನೆಯ ನಡುವೆಯೇ ಬೇಡಿಕೊಳ್ಳತೊಡಗಿದ. ಈ ಮಾರ್ಗದಲ್ಲಿ ಎಲ್ಲಿಯಾದರೂ ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ಇನ್ನೈದು ನಿಮಿಷ ಕೊಡಿ, ಎಂದು. ಚೆಂಡು ಯಾರ ಕೈಯಲ್ಲಿದೆಯೆಂದು ಹೇಳುವುದು, ಮತ್ತೆ ಇನ್ನೈದು ನಿಮಿಷ ಎಂದು ಬೇಡುವುದು. ಯಾರನ್ನು ಬೇಡುತ್ತಿದ್ದೇನೆಂದು ಅವನಿಗೇ ತಿಳಿಯದು. ಅತ್ತ ಐರ್ಲೆಂಡಿನ ಅಡಿಗೆಮನೆಗಳಲ್ಲಿ ಸೇರಿದ್ದ ಜನ ಕ್ಯಾವನ್ನಿಗಾಗಿ ದೇವರನ್ನು ಬೇಡುವುದು ಬಿಟ್ಟು, ತಂತಿಯ ಕಾವಲುಗಾರನಿಗಾಗಿ ಬೇಡಬೇಕಾಯಿತು.

ತಂತಿ ಕಡಿಯಲಿಲ್ಲ. ಆಟ ಮುಗಿಯಿತು. ಕ್ಯಾವನ್ 2-11, ಕೆರಿ 2-7. ನಾಲ್ಕು ಅಂಕಗಳ ಗೆಲುವು. ಆ ಹೊತ್ತು ಗುಂಡಿ ಒತ್ತದೆ ಕೈ ಹಿಂದೆಗೆದ ಪುಣ್ಯಾತ್ಮನ ಹೆಸರು ಇತಿಹಾಸದ ಪುಸ್ತಕದಲ್ಲಿ ಗೆದ್ದ ಹದಿನೈದು ಜನರ ಪಕ್ಕದಲ್ಲಿ ಇರಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಗೆದ್ದ ಹದಿನೈದು ಜನರ ನಾಯಕ ಜಾನ್ ಜೋ ಓ'ರೈಲಿ. ಸೈನ್ಯದಲ್ಲಿ ಅಧಿಕಾರಿ. ಗಂಭೀರ, ಮಿತಭಾಷಿ, ಮೈದಾನದ ನಡುವೆ ನಿಂತರೆ ಗೋಡೆ. ಮರುವರ್ಷ, 1948ರಲ್ಲಿ, ಮತ್ತೆ ಅವನದೇ ನಾಯಕತ್ವದಲ್ಲಿ ಮೇಯೋ ತಂಡದ ಮೇಲೆ ಗೆಲುವು. ಆ ಪಂದ್ಯವೂ ಸಾಮಾನ್ಯದ್ದಲ್ಲ. ವಿರಾಮದ ವೇಳೆಗೆ ಕ್ಯಾವನ್ 3-2, ಮೇಯೋ ಸೊನ್ನೆ. ಮುಗಿದಾಗ 4-5ಕ್ಕೆ 4-4. ಅಂದರೆ ಒಂದಂಕ. ಗಾಳಿ ಯಾರ ಬೆನ್ನಿಗಿದ್ದಿತೋ ಅವರಿಗೆ ಗೋಲು ಎನ್ನುವಂಥ ದಿನ.

1952ರಲ್ಲಿ ಮತ್ತೊಂದು ಬಟ್ಟಲು. ನಾಯಕ ನಮ್ಮ ನ್ಯೂಯಾರ್ಕಿನ ಶಿಶು ಹಿಗ್ಗಿನ್ಸ್. ಎದುರಾಳಿ ನೆರೆಯ ಮೀತ್ ಜಿಲ್ಲೆ. ಸುರಿಯುವ ಮಳೆಯಲ್ಲಿ ಮೊದಲ ಪಂದ್ಯ. ಕ್ಯಾವನ್ನಿನ ಎಡ್ವಿನ್ ಕ್ಯಾರೊಲನ್ ಮೈದಾನದ ಕೊನೆಗೆರೆಯ ಅಂಚಿನಿಂದ, ಅಸಾಧ್ಯವೆನ್ನುವ ಕೋನದಲ್ಲಿ, ಹಾಯಿಸಿದ ಚೆಂಡಿನಿಂದ ಸರಿಸಮವಾಯಿತು. ಒದೆಯುವ ಮೊದಲೇ ಚೆಂಡು ಗೆರೆ ದಾಟಿತ್ತೆಂದು ಮೀತಿನವರ ದೂರು. 1937ರಲ್ಲಿ ಕಿತ್ತುಕೊಂಡದ್ದನ್ನು ದೈವ ಬಡ್ಡಿಯೊಡನೆ ಹಿಂದಕ್ಕೆ ಕೊಟ್ಟಿತೆಂದು ಕ್ಯಾವನ್ನಿನವರ ಸಮಾಧಾನ. ಮರುಪಂದ್ಯದಲ್ಲಿ ಕ್ಯಾವನ್ 0-9, ಮೀತ್ 0-5. ಒಂಬತ್ತರಲ್ಲಿ ಏಳು ಹಿಗ್ಗಿನ್ಸನವು. ಈ ಪಂದ್ಯದ ಇನ್ನೊಂದು ವಿಶೇಷ: ಮೆಗ್ವಾಯರ್ ಮನೆತನದ ಮೂವರು ಅಣ್ಣತಮ್ಮಂದಿರು ಅದರಲ್ಲಿದ್ದರು. ಡೆಸ್ ಮತ್ತು ಲಿಯಾಂ ಕ್ಯಾವನ್ನಿನ ಕಡೆ, ಬ್ರೆಂಡನ್ ಮೀತಿನ ಕಡೆ. ಸಂಸಾರ ಗಡಿ ದಾಟಿ ಮೀತಿನಲ್ಲಿ ಬಿಡಾರ ಮಾಡಿದ್ದರ ಫಲ. ಆ ತಾಯಿ ಯಾರಿಗೆ ಜಯವಾಗಲೆಂದು ಹರಕೆ ಹೊತ್ತಳೋ!

ಆ ಸಂತೋಷ ಆರು ವಾರ ಉಳಿಯಿತು. 1952ರ ನವೆಂಬರ್‌ನಲ್ಲಿ ಜಾನ್ ಜೋ ಓ'ರೈಲಿ ತೀರಿಕೊಂಡ. ವಯಸ್ಸು ಮೂವತ್ತನಾಲ್ಕು. ನ್ಯೂಯಾರ್ಕಿನಲ್ಲಿ ಆಡಿದ ಪಿ. ಜೆ. ಡ್ಯೂಕ್ ಎಂಬ ವಿದ್ಯಾರ್ಥಿ ಅದಕ್ಕೆ ಎರಡು ವರ್ಷ ಮೊದಲೇ, ಇಪ್ಪತ್ತೈದರಲ್ಲಿ, ಹೋಗಿಬಿಟ್ಟಿದ್ದ. ಜಾನ್ ಜೋನ ಮೇಲೆ ಕಟ್ಟಿದ ಹಾಡೊಂದು ಕ್ಯಾವನ್ನಿನ ಜನರ ಬಾಯಲ್ಲಿದೆ. 1984ರಲ್ಲಿ ಸಂಘದ ನೂರನೆಯ ವರ್ಷದ ನೆನಪಿಗೆ ಶತಮಾನದ ಶ್ರೇಷ್ಠ ತಂಡವನ್ನು ಆರಿಸಿದಾಗ ಅವನ ಸ್ಥಾನ ಅವನಿಗೇ ಮೀಸಲಾಯಿತು. ಅದೇ 1947ರ ತಂಡದಲ್ಲಿದ್ದ ಜಾನ್ ವಿಲ್ಸನ್ ಲ್ಯಾಟಿನ್ ಮುಂತಾದ ಪ್ರಾಚೀನ ಭಾಷೆಗಳ ಉಪಾಧ್ಯಾಯನಾಗಿ, ಆಮೇಲೆ ರಾಜಕೀಯಕ್ಕೆ ಬಂದು, 1990ರಲ್ಲಿ ದೇಶದ ಉಪಪ್ರಧಾನಿಯ ಪದವಿಗೇರಿದ. ಹಳೆಯ ವ್ಯಾಕರಣ ಓದಿದವರು ಮೈದಾನಕ್ಕೂ ಮಂತ್ರಿಮಂಡಲಕ್ಕೂ ಸಲ್ಲುವುದಿಲ್ಲವೆನ್ನುವ ನನ್ನ ವಿದ್ಯಾರ್ಥಿಗಳಿಗೆ ಈ ಹೆಸರನ್ನು ಹೇಳುವುದುಂಟು.

1952ರ ಆಚೆಗೆ ಕ್ಯಾವನ್ನಿಗೆ ಅಖಿಲ ಐರ್ಲೆಂಡ್ ಬಟ್ಟಲು ಬರಲೇ ಇಲ್ಲ. ಹೀಗೇಕಾಯಿತು? ಆರಂಭದಲ್ಲಿ ನೆನಪಿಡಿರೆಂದ ಅಂಕಿಗಳನ್ನು ಈಗ ತೆಗೆಯಿರಿ. ಇಪ್ಪತ್ತೈದು ವರ್ಷದಲ್ಲಿ ಜಿಲ್ಲೆಯ ನಾಲ್ಕರಲ್ಲಿ ಒಂದು ಪಾಲು ಜನ ಕಡಿಮೆ. ಹೋದವರು ಮುದುಕರಲ್ಲ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡರವರು, ಅಂದರೆ ಚೆಂಡು ಆಡುವ ವಯಸ್ಸಿನವರೇ. ಲಂಡನ್ನಿನ ಕಟ್ಟಡದ ಕೆಲಸಕ್ಕೆ, ನ್ಯೂಯಾರ್ಕಿಗೆ. 1947ರಲ್ಲಿ ಹೋದವರನ್ನು ನೋಡಲು ತಂಡ ಹೋಯಿತು. ಮುಂದಿನ ವರ್ಷಗಳಲ್ಲಿ ತಂಡವಾಗಬೇಕಾದವರೇ ಹೋದರು.

ಇನ್ನೊಂದು ಕಾರಣವನ್ನೂ ಹೇಳುತ್ತಾರೆ; ಮೇಷ್ಟರಾದ ನನಗೆ ಅದರಲ್ಲಿ ಹುರುಳಿದೆಯೆಂದು ತೋರುತ್ತದೆ. ಗಡಿಯಾಚೆಯ ಆರು ಜಿಲ್ಲೆಗಳಲ್ಲಿ 1947ರ ಶಿಕ್ಷಣ ಕಾಯಿದೆಯಿಂದ ಬಡವರ ಮಕ್ಕಳಿಗೂ ಪ್ರೌಢಶಾಲೆಯ ಬಾಗಿಲು ತೆರೆಯಿತು. ಶಾಲೆಗೆ ಬಂದ ಹುಡುಗ ಹದಿನೆಂಟರವರೆಗೆ ಊರಲ್ಲಿ ನಿಂತ, ಶಾಲೆಯ ಮೈದಾನದಲ್ಲಿ ಆಟ ಕಲಿತ. ಗಡಿಯ ಈಚೆಗೆ ಉಚಿತ ಪ್ರೌಢಶಿಕ್ಷಣ ಬಂದದ್ದು 1967ರಲ್ಲಿ. ಈ ಇಪ್ಪತ್ತು ವರ್ಷಗಳ ಅಂತರದ ಬೆಲೆಯನ್ನು ಕ್ಯಾವನ್ ತೆತ್ತಿತು. 1960ರಲ್ಲಿ ಡೌನ್ ಜಿಲ್ಲೆಯವರು ಬಟ್ಟಲನ್ನು ಮೊದಲ ಬಾರಿಗೆ ಗಡಿಯಾಚೆಗೆ ಹೊತ್ತೊಯ್ದರು. ಕ್ಯಾವನ್ 1969ರಲ್ಲಿ ಒಮ್ಮೆ ಅಲ್ಸ್ಟರ್ ಗೆದ್ದಿತು. ಅಲ್ಲಿಗೆ ದೀಪ ಮಂಕಾಯಿತು.

ಮುಂದಿನದು ಇಪ್ಪತ್ತೆಂಟು ವರ್ಷಗಳ ಬರಗಾಲ. ಹತ್ತೊಂಬತ್ತರಲ್ಲಿ ಹದಿನೇಳು ಗೆದ್ದವರಿಗೆ ಇಪ್ಪತ್ತೆಂಟರಲ್ಲಿ ಒಂದೂ ಇಲ್ಲ. ಅಜ್ಜಂದಿರು ನ್ಯೂಯಾರ್ಕಿನ ಕಥೆ ಹೇಳುತ್ತಿದ್ದರು. ಮೊಮ್ಮಕ್ಕಳಿಗೆ ಅದು ಕೇಳಿ ಕೇಳಿ ಸಾಕಾಗಿದ್ದರೆ ಅವರದು ತಪ್ಪಲ್ಲ. 1997ರಲ್ಲಿ ಡೊನೆಗಾಲಿನ ಮಾರ್ಟಿನ್ ಮೆಕ್‌ಹ್ಯೂ ಎಂಬಾತನ ತರಬೇತಿಯಲ್ಲಿ, ಸ್ಟೀಫನ್ ಕಿಂಗ್ ನಾಯಕನಾಗಿರಲು, ಡೆರಿ ತಂಡವನ್ನು 1-14ಕ್ಕೆ 0-16ರಿಂದ ಸೋಲಿಸಿ ಅಲ್ಸ್ಟರ್ ಪ್ರಶಸ್ತಿ ಮರಳಿ ಬಂತು. ಅಖಿಲ ಐರ್ಲೆಂಡ್ ಸೆಮಿಫೈನಲ್‌ನಲ್ಲಿ ಎದುರು ನಿಂತು ದಾರಿ ಮುಚ್ಚಿದವರು ಅದೇ ಕೆರಿ. ಮತ್ತೆ ಇಪ್ಪತ್ತಮೂರು ವರ್ಷ.

2020. ಮಹಾಮಾರಿಯ ವರ್ಷ. ಕ್ಯಾವನ್ ಆಗಷ್ಟೇ ಲೀಗ್ ಪಂದ್ಯಗಳಲ್ಲಿ ಸೋತು ಮೂರನೆಯ ದರ್ಜೆಗೆ ಇಳಿದಿತ್ತು. ತರಬೇತಿ ಕೊಡುತ್ತಿದ್ದವನು 1997ರಲ್ಲಿ ಆಡಿದ್ದ ಮಿಕ್ಕಿ ಗ್ರಹಾಂ. ಮೊದಲ ಪಂದ್ಯದಲ್ಲಿ ಮಾನಹನ್ ಎದುರು ಸಮಸಮ ನಿಂತಾಗ ನಾಯಕನೂ ಗೋಲುಕಾವಲಿನವನೂ ಆದ ರೇಮಂಡ್ ಗ್ಯಾಲಿಗನ್, ತನ್ನ ಗೋಲನ್ನು ಬಿಟ್ಟು ಮುಂದೆ ಬಂದು ಬಹುದೂರದಿಂದ ಒದ್ದ ಚೆಂಡಿನಿಂದ ಗೆಲುವು. ಕೊನೆಗೆ ನವೆಂಬರ್ 22ರಂದು ಅರ್ಮಾ ನಗರದಲ್ಲಿ ಡೊನೆಗಾಲ್ ಎದುರು ಅಲ್ಸ್ಟರ್ ಫೈನಲ್. ಡೊನೆಗಾಲ್ ಗೆಲ್ಲುವುದೆಂದೇ ಎಲ್ಲರ ಎಣಿಕೆ. ಕ್ಯಾವನ್ 1-13, ಡೊನೆಗಾಲ್ 0-12. ಅದು ಕ್ಯಾವನ್ನಿನ ನಲವತ್ತನೆಯ ಅಲ್ಸ್ಟರ್ ಪ್ರಶಸ್ತಿ. ಪ್ರಾಂತ್ಯದ ಬೇರೆ ಯಾವ ಜಿಲ್ಲೆಯೂ ಅದರ ಅರ್ಧದಷ್ಟನ್ನೂ ಗಳಿಸಿಲ್ಲ.

ಆ ದಿನ ಮೈದಾನದಲ್ಲಿ ಪ್ರೇಕ್ಷಕರಿರಲಿಲ್ಲ. ಸೋಂಕಿನ ಭಯದಿಂದ ಜನ ಸೇರುವುದನ್ನು ನಿಷೇಧಿಸಿದ್ದರು. ಇಪ್ಪತ್ತಮೂರು ವರ್ಷ ಕಾದ ಕ್ಯಾವನ್ನಿನವರು ಗಡಿ ದಾಟಿ ಹೋಗುವಂತಿರಲಿಲ್ಲ, ಪಕ್ಕದ ಮನೆಯಲ್ಲಿ ಕೂಡುವಂತೆಯೂ ಇರಲಿಲ್ಲ. 1947ರಲ್ಲಿ ಒಂದು ರೇಡಿಯೋಗೆ ಒಂದು ಊರು ಕೂಡಿದ್ದರೆ, 2020ರಲ್ಲಿ ಒಂದೊಂದು ಮನೆಗೂ ಒಂದೊಂದು ಯಂತ್ರ, ಊರು ಮಾತ್ರ ಬಿಡಿಬಿಡಿ. ಖಾಲಿ ಮೈದಾನದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿದ್ದಿತು.

ಆ ವಾರದ ಇನ್ನೊಂದು ಸೋಜಿಗ. ಹಿಂದಿನ ದಿನ, ನವೆಂಬರ್ 21, 'ರಕ್ತಸಿಕ್ತ ಭಾನುವಾರ'ದ ನೂರನೆಯ ವರ್ಷ. 1920ರ ಆ ದಿನ ಬ್ರಿಟಿಷ್ ಪಡೆಗಳು ಕ್ರೋಕ್ ಪಾರ್ಕಿನಲ್ಲಿ ಆಟ ನಡೆಯುತ್ತಿರುವಾಗ ನುಗ್ಗಿ ಗುಂಡು ಹಾರಿಸಿ ಹದಿನಾಲ್ಕು ಜನರನ್ನು ಕೊಂದವು. ಟಿಪ್ಪರೇರಿಯ ಆಟಗಾರ ಮೈಕೆಲ್ ಹೋಗನ್ ಅವರಲ್ಲೊಬ್ಬ. ಆ 1920ರಲ್ಲಿ ನಾಲ್ಕು ಪ್ರಾಂತ್ಯಗಳನ್ನು ಗೆದ್ದಿದ್ದವರು ಡಬ್ಲಿನ್, ಟಿಪ್ಪರೇರಿ, ಮೇಯೋ, ಕ್ಯಾವನ್. ನೂರು ವರ್ಷದ ಮೇಲೆ 2020ರಲ್ಲಿ ಗೆದ್ದವರೂ ಅವೇ ನಾಲ್ವರು. ಟಿಪ್ಪರೇರಿಗೆ ಅದು 1935ರ ನಂತರದ ಮೊದಲ ಪ್ರಾಂತೀಯ ಗೆಲುವು. ಪುರಾಣದಲ್ಲಿ ಬರೆದಿದ್ದರೆ ಕವಿಯ ಅತಿಶಯೋಕ್ತಿ ಎಂದುಬಿಡುತ್ತಿದ್ದೆವು.

ಮುಂದೆ ಡಿಸೆಂಬರ್‌ನಲ್ಲಿ ಕ್ರೋಕ್ ಪಾರ್ಕಿನ ಖಾಲಿ ಮೈದಾನದಲ್ಲಿ ಡಬ್ಲಿನ್ ಎದುರು ಸೆಮಿಫೈನಲ್. ಡಬ್ಲಿನ್ 1-24, ಕ್ಯಾವನ್ 0-12. ಡಬ್ಲಿನ್ ಆಗ ಸಾಲಾಗಿ ಆರನೆಯ ಬಟ್ಟಲಿನ ದಾರಿಯಲ್ಲಿದ್ದಿತು. ಹತ್ತು ಹದಿನೈದು ಲಕ್ಷ ಜನರಿರುವ ಮಹಾನಗರದ ಮುಂದೆ ಎಂಬತ್ತು ಸಾವಿರ ಜನರ ಜಿಲ್ಲೆ. ಹೌದು, ಎಂಬತ್ತು ಸಾವಿರ. 2022ರ ಗಣತಿಯಂತೆ ಕ್ಯಾವನ್ನಿನ ಜನಸಂಖ್ಯೆ ಎಂಬತ್ತೊಂದು ಸಾವಿರವನ್ನು ಮೀರಿದೆ. 1946ಕ್ಕಿಂತಲೂ ಹೆಚ್ಚು. ಪೋಲೋ ಗ್ರೌಂಡ್ಸನ್ನು 1964ರಲ್ಲಿಯೇ ಕೆಡವಿ ಅಲ್ಲಿ ವಸತಿಗೃಹಗಳನ್ನು ಕಟ್ಟಿದರು. ಓ'ಹೆಹಿರ್ 1996ರಲ್ಲಿಯೂ ಹಿಗ್ಗಿನ್ಸ್ 2010ರಲ್ಲಿಯೂ ತೀರಿಕೊಂಡರು. ಆ ಸಂಜೆ ಇನ್ನೈದು ನಿಮಿಷ ಎಂದು ಬೇಡಿದ ಧ್ವನಿಯ ಕಥೆಯನ್ನು ಕ್ಯಾವನ್ನಿನವರು ಇನ್ನೂ ಹೇಳಿಕೊಳ್ಳುತ್ತಲೇ ಇದ್ದಾರೆ.